ನಟ್ಟಿ ಮುಗಿಯಲಿ ಎಂದು ಇಟ್ಟ ಕಾಗದ

ನಾನು ಬಿ.ಎ. ಪಾಸಾದ ಸುದ್ದಿ ತಂದ ದಿನ ನಮ್ಮ ಕೇರಿಯಲ್ಲಿ ಯಾರಿಗೂ ಅದು ಏನೆಂದು ಸರಿಯಾಗಿ ತಿಳಿಯಲಿಲ್ಲ. ಅಪ್ಪ, "ಮುಗೀತಲ್ಲ? ಮತ್ತೆ ಓದುದು ಇಲ್ಲಲ್ಲ?" ಎಂದು ಕೇಳಿದ. ಅವ್ವ ಬೆಲ್ಲದ ಚೂರು ಕೈಗಿಟ್ಟಳು. ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಆಗಷ್ಟೇ ಪೇಟೆಯಿಂದ ಬಂದಿದ್ದಳು. ತಲೆಯ ಮೇಲಿನ ಹರಿವೆ ಸೊಪ್ಪಿನ ಬುಟ್ಟಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು:

"ತಮಾ, ಇನ್ನು ಸರ್ಕಾರದ ಕಾಗ್ದ ಎಲ್ಲ ನಿಂಗೆ ಓದುಕೆ ಬರ್ತದ್ಯಾ?"

"ಬರ್ತದೆ."

"ಇಂಗ್ಲಿಷಿಂದೂ?"

"ಅದೂ ಬರ್ತದೆ ದೊಡ್ಡವ್ವ."

"ಹಂಗಾರೆ ನಿನ್ನ ದೊಡ್ಡಪ್ಪ ಇದ್ನೋ ಸತ್ನೋ ನೋಡಿ ಹೇಳು."

ನಾನು ಓದಿದ್ದು ಅವಳ ಬುಟ್ಟಿಯ ದುಡಿಮೆಯಲ್ಲಿ. ಬದನೆ, ಹರಿವೆ, ಮೊಗೆಕಾಯಿ ಹೊತ್ತು ಅವಳು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದರೆ ಮುಂಬಯಿ ಮುಟ್ಟಿ ವಾಪಸು ಬರುತ್ತಿತ್ತು. ನಮ್ಮ ಕೇರಿಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಅವಳು ನನ್ನನ್ನು ಓದಿಸಿದ್ದು ನಾನು ಸಾಹೇಬನಾಗಲಿ ಎಂದಲ್ಲ, ಒಂದು ಕಾಗದ ಓದಲಿ ಎಂದು. ಆ ದಿನ ಬೆಲ್ಲ ಬಾಯಲ್ಲಿದ್ದಾಗಲೇ ಅದು ನನಗೆ ಗೊತ್ತಾಯಿತು.

ದೊಡ್ಡಪ್ಪನಿಗೆ ಗಲ್ಲಿನ ಶಿಕ್ಷೆಯಾದದ್ದು ನಾನು ಹುಟ್ಟುವ ಮೊದಲು, ನಮ್ಮ ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದಾಗ. ಹೊಡೆದದ್ದು ನಿಜ. ನಮ್ಮ ಮನೆಯಲ್ಲಿ ಯಾರೂ ಅಲ್ಲ ಎಂದಿಲ್ಲ. ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯ ಒಡೇರಿಗೆ ಒಬ್ಬ ಪಾರುಪತ್ಯಗಾರನಿದ್ದ. ಗೇಣಿಯ ತಕರಾರಿನಲ್ಲಿ ಅವನು ನಮ್ಮ ಸಸಿಮಡಿಗೆ ಎತ್ತು ನುಗ್ಗಿಸಿದ. ದೊಡ್ಡಪ್ಪ ಗುದ್ದಲಿಯ ಕಾವಿನಿಂದ ಬಾರಿಸಿದ. ಮೂರನೆಯ ದಿನ ಆ ಮನುಷ್ಯ ಸತ್ತ. "ಒಂದೇ ಏಟು" ಎಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದ. ಒಂದೋ ನಾಲ್ಕೋ, ಸತ್ತವನಿಗೂ ಹೆಂಡತಿಯಿದ್ದಳು. ಕೋರ್ಟು ಶಿಕ್ಷೆ ಕೊಟ್ಟಿತು. ನನ್ನ ಸಿಟ್ಟು ಅದರ ಮೇಲಲ್ಲ. ಆಮೇಲೆ ನಡೆದದ್ದರ ಮೇಲೆ.

ಶಿಕ್ಷೆ ಏನೆಂದು ಅಜ್ಜನಿಗೆ ತಿಳಿಸಿದವನು ಜಡ್ಜನಲ್ಲ, ವಕೀಲನಲ್ಲ, ಬಾಗಿಲಲ್ಲಿ ನಿಂತ ಕೋರ್ಟಿನ ಜವಾನ. "ಗಲ್ಲು ಅಂತ ಆಗಿದೆ. ಮುಂಬಯಿಗೆ ಅಪೀಲು ಹೋಗ್ತದೆ. ಮುಂದಿನದಕ್ಕೆ ನಿಮ್ಮ ಊರಿಗೆ ಕಾಗದ ಬರ್ತದೆ, ಪಟೇಲರ ಹತ್ರ ಕೇಳ್ಕೊಳ್ಳಿ" ಎಂದ. ದೊಡ್ಡಪ್ಪನನ್ನು ಘಟ್ಟದ ಮೇಲಿನ ಜೈಲಿಗೆ ಒಯ್ದರು. ನಮ್ಮೂರಿನ ಪಟೇಲರು ಎಂದರೆ ಬೇರೆ ಯಾರೂ ಅಲ್ಲ, ಅದೇ ಒಡೇರು.

ಅಜ್ಜ ಕೇಳಿದ. ತಿಂಗಳಿಗೊಮ್ಮೆ ಒಡೇರ ಅಂಗಳದ ಮೂಲೆಯಲ್ಲಿ ಕಂಬಳಿ ತೆಗೆದು ನಿಂತು, "ಒಡೇರೆ, ಎಂತಾದ್ರೂ ಕಾಗ್ದ ಬಂತಾ?" ಎಂದು ಕೇಳಿದ. "ಬಂದ್ರೆ ನಾನೇ ಹೇಳಿ ಕಳಿಸ್ತೆ, ಹೋಗು" ಎಂಬ ಉತ್ತರ ಕೇಳಿ ಹಿಂತಿರುಗಿದ. ಹೀಗೆ ವರ್ಷಗಳು ಹೋದವು. ಅಜ್ಜನೂ ಹೋದ.

ಕಾಗದ ಬಾರದ ಮನೆಗೆ ಗಾಳಿಸುದ್ದಿ ಬರುತ್ತದೆ. ಒಬ್ಬ ಅವನನ್ನು ಗೋವೆಯಲ್ಲಿ ಕಂಡಿದ್ದ. ಇನ್ನೊಬ್ಬನ ಪ್ರಕಾರ ಶಿಕ್ಷೆ ಕಡಿಮೆಯಾಗಿ ಅಂಡಮಾನಿಗೆ ಹಾಕಿದ್ದರು. ಸ್ವಾತಂತ್ರ್ಯ ಬಂದಾಗ ಜೈಲೆಲ್ಲ ಖಾಲಿ ಮಾಡುತ್ತಾರಂತೆ ಎಂದು ಯಾರೋ ಅಂದದ್ದೇ ತಡ, ದೊಡ್ಡವ್ವ ಸೊಪ್ಪಿನ ಬುಟ್ಟಿ ಹೊತ್ತು ಹೊನ್ನಾವರದ ಬಂದರಿನಲ್ಲಿ ಎಂಟು ದಿನ ನಿಂತಳು. ಊರೆಲ್ಲ ಬಾವುಟ ಕಟ್ಟಿತ್ತು. ಅವಳು ದೋಣಿಯಿಂದ ಇಳಿಯುವ ಗಂಡಸರ ಮುಖ ನೋಡುತ್ತ ನಿಂತಿದ್ದಳು. ನಾನು ಆಗ ಸಣ್ಣವ. "ಸೊಪ್ಪು ಬಾಡಿ ಹೋಯ್ತಲ್ಲ ದೊಡ್ಡವ್ವ" ಎಂದು ಕೇಳಿದ್ದು ಮಾತ್ರ ನೆನಪಿದೆ.

ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದು. ಕೂಡಿಕೆ ಎನ್ನುತ್ತೇವೆ. ಅದರಲ್ಲಿ ಅವಮಾನವಿಲ್ಲ. ದೊಡ್ಡಪ್ಪನೊಡನೆ ಅವಳು ಬಾಳಿದ್ದು ಎರಡು ಮಳೆಗಾಲ. ಆಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಮಂಕಿ ಊರಿನಿಂದ ಒಬ್ಬ, ಹೆಂಡತಿ ತೀರಿಕೊಂಡವನು, ಒಳ್ಳೆಯ ಬೇಸಾಯಗಾರ, ಎರಡು ಸಲ ಮನುಷ್ಯರನ್ನು ಕಳಿಸಿ ಕೇಳಿದ್ದ. ಕೇರಿಯ ಹಿರಿಯರು ಕೂತು ಯೋಚಿಸಿದರು. "ಗಂಡ ಸತ್ತಿದ್ದಕ್ಕೆ ಎಂತ ಗುರ್ತ?" ಎಂದರು. ಗುರುತು ಇರಲಿಲ್ಲ. ಮಂಕಿಯವನು ಬೇರೆ ಕಡೆ ಮದುವೆಯಾದ.

ಹೀಗೆ ಅವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಕರಿಮಣಿ ತೆಗೆಯುವಂತಿಲ್ಲ, ಅದನ್ನು ಹಾಕಿಕೊಂಡು ಮದುವೆಮನೆಯ ಮುಂದಿನ ಸಾಲಿಗೆ ಹೋಗುವಂತೆಯೂ ಇಲ್ಲ. ನಮ್ಮ ಸುತ್ತಿನ ನಾಲ್ಕು ಕೇರಿಯಲ್ಲಿ ಅವಳಷ್ಟು ಹಾಡು ಬಲ್ಲವರಿರಲಿಲ್ಲ. ಆದರೂ ಮದುವೆಯಲ್ಲಿ ಅಕ್ಕಿ ಕುಟ್ಟಲು ಕರೆಯುತ್ತಿದ್ದರೇ ಹೊರತು ಹಾಡಲು ಕರೆಯುತ್ತಿರಲಿಲ್ಲ. ಅವಳು ಬಾಯಿಬಿಟ್ಟು ಹಾಡುತ್ತಿದ್ದದ್ದು ಗದ್ದೆಯಲ್ಲಿ ಮಾತ್ರ, ಸಸಿ ನೆಡುವ ನಟ್ಟಿಯ ದಿನಗಳಲ್ಲಿ. ಗದ್ದೆ ಯಾರನ್ನೂ ಮುತ್ತೈದೆಯಾ ಎಂದು ಕೇಳುವುದಿಲ್ಲ.

ಹಿರಿಯರಿಗೆ ಎಡೆ ಇಡುವ ಮಾಲಯದ ದಿನ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದೇ ಜಗಳ. ಎಲೆ ಎಷ್ಟು? ದೊಡ್ಡಪ್ಪನಿಗೆ ಎಲೆ ಹಾಕಿದರೆ, ಬದುಕಿದ್ದವನನ್ನು ನಾವೇ ಕೊಂದ ಹಾಗೆ. ಹಾಕದಿದ್ದರೆ, ಸತ್ತವನನ್ನು ಉಪವಾಸ ಕೆಡವಿದ ಹಾಗೆ. ಕೊನೆಗೆ ದೊಡ್ಡವ್ವ ತಾನೇ ಹಿತ್ತಲಿಗೆ ಹೋಗಿ ಒಂದು ಎಲೆ ಹೆಚ್ಚಿಗೆ ಕೊಯ್ದು, ತೊಳೆದು, ಹಾಸದೆ ಗೋಡೆಗೆ ಒರಗಿಸಿ ಇಡುತ್ತಿದ್ದಳು. ಮರುದಿನ ಅದು ದನದ ಬಾಯಿಗೆ. ಹುಟ್ಟಿದಂದಿನಿಂದ ನಾನು ನೋಡಿದ ದೊಡ್ಡಪ್ಪ ಎಂದರೆ ಆ ಒರಗಿಸಿಟ್ಟ ಎಲೆ.

ನನಗೆ ಕುಮಟೆಯ ಒಂದು ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕಿತು. ಮೊದಲ ವಾರವೇ ಜೈಲಿಗೆ ಅರ್ಜಿ ಬರೆದೆ, ನನಗೆ ಬರುವ ಅಷ್ಟೂ ಇಂಗ್ಲಿಷು ಸುರಿದು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ರಾಜ್ಯಗಳು ವಿಂಗಡಣೆಯಾದಾಗ ಹಳೆಯ ದಫ್ತರುಗಳು ಮುಂಬಯಿಗೆ ಹೋಗಿವೆ. ಮುಂಬಯಿಗೆ ಬರೆದೆ. ಅಲ್ಲಿಂದ ಉತ್ತರ: ನಿಮ್ಮ ಜಿಲ್ಲೆಗೆ ಸಂಬಂಧಪಟ್ಟ ದಫ್ತರುಗಳನ್ನು ಮೈಸೂರು ರಾಜ್ಯಕ್ಕೆ ಕಳುಹಿಸಲಾಗಿದೆ. ಮೈಸೂರು ರಾಜ್ಯಕ್ಕೆ ಬರೆದೆ. ಅವಧಿ ಮೀರಿದ ಕಾಗದಗಳನ್ನು ನಾಶಪಡಿಸಿರುವ ಸಂಭವವಿದೆ ಎಂದರು. ಸಂಭವವಂತೆ! ಸುಟ್ಟಿದ್ದರೆ ಸುಟ್ಟಿದ್ದೇವೆ ಎನ್ನಿ. ಒಬ್ಬ ಮನುಷ್ಯನನ್ನು ಹಗ್ಗಕ್ಕೆ ಕಟ್ಟಲು ಜಡ್ಜು, ಪೊಲೀಸು, ಡಾಕ್ಟರು, ಮೂರು ಕೋರ್ಟು ಇದ್ದವು. ಕಟ್ಟಿದಿರೋ ಇಲ್ಲವೋ ಎಂದು ಹೇಳಲು ಒಬ್ಬ ಗುಮಾಸ್ತನಿಲ್ಲ.

ನಮ್ಮ ಕಚೇರಿಯ ಶಿರಸ್ತೇದಾರರಿಗೆ ಇದು ತಮಾಷೆ. "ಏನಪ್ಪಾ ಬಿ.ಎ., ವಂಶಾವಳಿ ಬರೀತಾ ಇದ್ದೀಯಾ? ಎಲ್ಲರೂ ರಾಜರ ವಂಶ ಹುಡುಕಿದ್ರೆ ನೀನು ಗಲ್ಲಿನ ಕಂಬ ಹುಡುಕ್ತಿಯಲ್ಲ ಮಾರಾಯ!" ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಆ ತಲೆ ತಗ್ಗಿಸಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ದಾರಿ ತೋರಿಸಿದವರು ಭಟ್ಕಳದ ಒಬ್ಬ ಮುದುಕರು. ನವಾಯತ ಮುಸಲ್ಮಾನರು, ಮೊದಲು ಅದೇ ಜೈಲಿನಲ್ಲಿ ವಾರ್ಡರ್ ಆಗಿದ್ದವರು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಒಂದು ಭಾನುವಾರ ಹೊನ್ನಾವರದಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಹೋದೆ. ಮನೆಯ ಜಗಲಿಯಲ್ಲಿ ಕೂರಿಸಿ, ಹೆಚ್ಚು ಹಾಲಿನ ಚಹಾ ಕೊಟ್ಟರು. ನಾನು ದೊಡ್ಡಪ್ಪನ ಹೆಸರು, ಊರು ಹೇಳಿದೆ.

"ನೆನಪಿಲ್ಲ ಬೇಟಾ. ಸುಳ್ಳು ಹೇಳೋದಿಲ್ಲ. ಬಹಳ ಜನ ಬಂದ್ರು, ಹೋದ್ರು. ನಾನು ಹಗ್ಗ ಹಿಡಿದವನಲ್ಲ, ಬೀಗ ಹಿಡಿದವನು" ಎಂದರು. ನಾನು ಮೂರೂ ಕಡೆಯ ಉತ್ತರಗಳನ್ನು ಮುಂದಿಟ್ಟೆ. ಅವರು ಓದದೆ ಪಕ್ಕಕ್ಕೆ ಸರಿಸಿದರು.

"ಜೈಲಿನವರ ಹತ್ರ ಕೇಳ್ತಾ ಕೂತಿದ್ದೀಯಲ್ಲ, ಹುಚ್ಚ! ಗಲ್ಲಿನ ದಿನ ಗೊತ್ತಾದ ಕೂಡ್ಲೆ ಕೈದಿಯ ಊರಿಗೆ ಕಾಗದ ಹೋಗ್ತಿತ್ತು. ಸಂಬಂಧಿಕರು ಇದ್ದರೆ ಬಂದು ನೋಡಿ ಹೋಗಿ ಅಂತ. ತಾಲೂಕಿಗೆ ಹೋಗಿ, ಅಲ್ಲಿಂದ ಹಳ್ಳಿ ಪಟೇಲನಿಗೆ. ಕಳಿಸಿದವನು ಕಾಗದ ಸುಟ್ಟಿರಬಹುದು. ತಲುಪಿದವನ ಪುಸ್ತಕದಲ್ಲಿ ಅದು ಇರ್ತದೆ. ಅಲ್ಲಿ ನೋಡು."

ಆಮೇಲೆ ನನ್ನ ಕಾಗದಗಳನ್ನು ಮಡಚಿ ಕೈಗೆ ಕೊಡುತ್ತ ಹೇಳಿದರು. "ಮೂರು ತರದ ಉತ್ತರ ಬರ್ತಿತ್ತು. ಬರ್ತೇವೆ ಅಂತ. ಬರೋದಿಲ್ಲ, ನಮಗೂ ಅವನಿಗೂ ಸಂಬಂಧ ಇಲ್ಲ ಅಂತ. ಇಲ್ಲಾಂದ್ರೆ, ಅವನಿಗೆ ಯಾರೂ ಇಲ್ಲ ಅಂತ. ಮೂರನೇದು ಬಂದ್ರೆ ನಾವು ಕೈದಿಗೆ ಹೇಳ್ತಿರಲಿಲ್ಲ. ಅವನು ಕೇಳ್ತಿದ್ದ, ನಮ್ಮವರು ಹೊರಟ್ರಾ ಅಂತ. ಹೊರಟಿದ್ದಾರೆ, ಘಟ್ಟ ಹತ್ತಬೇಕಲ್ಲ, ತಡ ಆಗ್ತದೆ ಅಂತಿದ್ದೆವು." ಚಹಾದ ಬಟ್ಟಲು ಎತ್ತಿಕೊಳ್ಳುತ್ತ ಕೇಳಿದರು, "ಅವನ ಹೆಂಡ್ತಿ ಇದ್ದಾಳಾ?"

"ಇದ್ದಾಳೆ."

"ಹಾಗಾದ್ರೆ ಹುಡುಕು" ಎಂದರು.

ನಮ್ಮೂರು ಹೊನ್ನಾವರ ತಾಲೂಕಿಗೆ ಸೇರಿದ್ದು. ಅಲ್ಲಿಯ ಹಳೆಯ ಕಾಗದಗಳ ಕೋಣೆಗೆ ನನ್ನನ್ನು ಬಿಟ್ಟುಕೊಂಡವನು ನನ್ನ ಹಾಗೆಯೇ ಒಬ್ಬ ಬಡ ಕಾರಕೂನ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಗೆದ್ದಲು, ಬಾವಲಿ ವಾಸನೆ. ಯಾವ ವರ್ಷ ಎಂದು ನನಗೆ ಗೊತ್ತಿರಲಿಲ್ಲ. ದೊಡ್ಡವ್ವನನ್ನು ಕೇಳಿದರೆ, "ನಿನ್ನಪ್ಪಂಗೆ ಮೀಸೆ ಮೂಡ್ತಿತ್ತು. ಹೊಳೆ ದಂಡೆಯ ದೊಡ್ಡ ಹಲಸಿನ ಮರ ಬಿದ್ದ ಮರುವರ್ಷ" ಎಂದಳು. ಅಷ್ಟರ ಮೇಲೆ ಆರು ವರ್ಷಗಳ ಆವಕ ಪುಸ್ತಕ, ಅಂದರೆ ಬಂದ ಕಾಗದಗಳನ್ನು ಬರೆದಿಡುವ ಪುಸ್ತಕ, ತೆಗೆದಿಟ್ಟು ಒಂದೊಂದೇ ಹಾಳೆ ತಿರುವತೊಡಗಿದೆ. ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಸೀನಿ ಸೀನಿ ಮೂಗಿನಿಂದ ರಕ್ತ ಬಂತು.

ಐದನೆಯ ಪುಸ್ತಕದಲ್ಲಿ ಸಿಕ್ಕಿತು. ಜೈಲಿನಿಂದ ಬಂದ ಕಾಗದ. ದೊಡ್ಡಪ್ಪನ ಹೆಸರು, ಅಜ್ಜನ ಹೆಸರು, ನಮ್ಮೂರು. "ಸದರಿ ಕೈದಿಯ ಶಿಕ್ಷೆ ಜಾರಿಯಾಗುವುದಕ್ಕೆ ಮುಂಚೆ ಅವನನ್ನು ಕಾಣತಕ್ಕ ಸಂಬಂಧಿಕರಿದ್ದಲ್ಲಿ ತಿಳಿಸಿ ಕಳುಹಿಸುವುದು." ಪಟೇಲರಿಗೆ ರವಾನೆಯಾದದ್ದು ಜ್ಯೇಷ್ಠದ ಕೊನೆಗೆ. ಆ ಸಂಖ್ಯೆ ಹಿಡಿದು ಗಂಟು ಬಿಚ್ಚಿದರೆ ಪಟೇಲರ ಉತ್ತರ ಅಲ್ಲೇ ಇತ್ತು, ಒಂದೇ ಸಾಲು:

"ಸದರಿ ಮನುಷ್ಯನಿಗೆ ಈ ಗ್ರಾಮದಲ್ಲಿ ವಾರಸುದಾರರು ಯಾರೂ ಇರುವುದಿಲ್ಲ."

ಅದರ ಹಿಂದೆ ಜೈಲಿನ ಎರಡನೆಯ ಕಾಗದ. ಆಷಾಢದಲ್ಲಿ ಶಿಕ್ಷೆ ಜಾರಿಯಾಯಿತು. ಶವವನ್ನು ಕೇಳಿ ಯಾರೂ ಬಾರದ್ದರಿಂದ ನಿಯಮದಂತೆ ವಿಲೇ ಮಾಡಲಾಯಿತು. ಅದೂ ಪಟೇಲರಿಗೆ ಹೋಗಿತ್ತು. ಓದಿಕೊಂಡ ಗುರುತಿಗೆ ಅವರ ಸಹಿ ಇತ್ತು, ದೊಡ್ಡ ಬಾಲದ ಸಹಿ.

ಯಾರೂ ಇಲ್ಲವಂತೆ. ಒಡೇರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವನ ಅಪ್ಪ, ಅವ್ವ, ತಮ್ಮ, ಹೆಂಡತಿ, ಇಡೀ ಕೇರಿ. ಆ ಸಾಲು ಬರೆದ ದಿನವೂ ಆ ಹೆಂಡತಿ ಅವರ ಕೊಟ್ಟಿಗೆಯ ಸಗಣಿ ಎತ್ತಿರಬೇಕು. ಘಟ್ಟದ ಮೇಲೆ ಒಬ್ಬ, ನಮ್ಮವರು ಹೊರಟರಾ ಎಂದು ಕೇಳುತ್ತಿದ್ದ. ನಾನು ಆ ಕಾಗದವನ್ನು ಹರಿಯದೆ ಬಿಟ್ಟದ್ದು ಓದಿದ ಬುದ್ಧಿಯಿಂದ. ಹರಿದರೆ ಮತ್ತೆ ಗುರುತಿಲ್ಲದ ಹಾಗಾಗುತ್ತಿತ್ತು. ನಕಲಿಗೆ ಅರ್ಜಿ ಹಾಕಿದೆ.

ಒಡೇರು ಆಗಲೇ ತೀರಿಕೊಂಡಿದ್ದರು. ಆದರೆ ಉತ್ತರದ ಕೆಳಗೆ ಅದನ್ನು ಬರೆದವರ ಹೆಸರಿತ್ತು: ಒಡೇರ ಮನೆಯ ಬರವಣಿಗೆ ಮಾಡುತ್ತಿದ್ದ ಶ್ಯಾನಭಾಗರು. ಅವರು ಹೊನ್ನಾವರದ ಪೇಟೆಯಲ್ಲೇ ಮಗನ ಮನೆಯಲ್ಲಿದ್ದರು. ನಕಲು ಕೈಗೆ ಬಂದ ದಿನವೇ ಹೋದೆ. ಆರಾಮ ಕುರ್ಚಿಯಲ್ಲಿ ಕೂತು ಎಲೆಯಡಿಕೆಯ ಕವಳ ಕುಟ್ಟುತ್ತಿದ್ದರು.

"ಯಾರ ಪೈಕಿ? ಓ, ಅವನ ತಮ್ಮನ ಮಗನಾ! ಬಿ.ಎ. ಆಯ್ತಂತಲ್ಲ, ಭಲೆ! ನಿಮ್ಮವರಲ್ಲೂ ಬಿ.ಎ. ಅಂದ್ರೆ ಕಾಲ ಬಂತು ಅನ್ನು" ಎಂದರು. ನಾನು ನಕಲು ಓದಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹೌದು, ನಾನೇ ಬರೆದದ್ದು. ಒಡೇರು ಹೇಳಿದ್ರು, ಬರೆದೆ."

"ನಮ್ಮ ಮೇಲೆ ಅಷ್ಟು ಹಗೆಯಾ? ಪಾರುಪತ್ಯಗಾರ ಸತ್ತ ಅಂತಲಾ?"

"ಛೆ ಛೆ, ಹಗೆ ಎಂತಕ್ಕೆ? ಒಡೇರು ಅಂಥವರಲ್ಲ." ಅವರಿಗೆ ನಿಜವಾಗಿ ಬೇಸರವಾಯಿತು. "ನಟ್ಟಿ ಸಮಯ ಮಾರಾಯ. ಮಳೆ ಹಿಡಿದಿತ್ತು, ಸಸಿ ಎದ್ದು ನಿಂತಿತ್ತು. ನಿಮ್ಮವರ ಪದ್ಧತಿ ನಿನಗೆ ಗೊತ್ತಿಲ್ವಾ? ಒಬ್ಬ ಸತ್ತರೆ ಇಡೀ ಕೇರಿಗೆ ಸೂತಕ. ಹನ್ನೊಂದು ದಿನ ಒಬ್ಬನೂ ಗದ್ದೆಗೆ ಕಾಲಿಡೋದಿಲ್ಲ. ಅದಕ್ಕಿಂತ ಮುಂಚೆ ಅವನನ್ನು ನೋಡಲಿಕ್ಕೆ ಅಂತ ಹತ್ತು ಜನ ಘಟ್ಟ ಹತ್ತುತ್ತಿದ್ರು. ಅಷ್ಟರಲ್ಲಿ ಸಸಿ ಮುದಿಯಾಗಿ ಹೋಗ್ತಿತ್ತು. ನಟ್ಟಿ ಮುಗೀಲಿ, ಆಮೇಲೆ ಹೇಳುವ ಅಂದ್ರು ಒಡೇರು."

"ನಟ್ಟಿ ಮುಗಿದ ಮೇಲೆ?"

"ನಟ್ಟಿ ಮುಗಿದ ಮೇಲೆ ಕಳೆ ಬಂತು. ಕಳೆ ಮುಗೀತು, ಕೊಯ್ಲು ಬಂತು." ಕವಳ ಬಾಯಿಗಿಟ್ಟುಕೊಂಡರು. "ಆಮೇಲೆ, ಮರ್ತೇ ಹೋಯ್ತಪ್ಪ."

ಮರೆತು ಹೋಯಿತು! ಅಜ್ಜ ತಿಂಗಳಿಗೊಮ್ಮೆ ಅಂಗಳದಲ್ಲಿ ನಿಂತು ನೆನಪು ಮಾಡುತ್ತಿದ್ದನಲ್ಲ? ಹಗೆಯಿಂದ ಮಾಡಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಹಗೆ ಸಾಧಿಸುವವನು ಎದುರಿಗಿದ್ದವನನ್ನು ಮನುಷ್ಯ ಎಂದಾದರೂ ಲೆಕ್ಕ ಹಿಡಿಯುತ್ತಾನೆ. ಇವರು ಹಿಡಿದದ್ದು ನಮ್ಮ ಕೈಗಳನ್ನು ಮಾತ್ರ. ನಮ್ಮ ಸಾವು ಅವರಿಗೆ ಗದ್ದೆಗೆ ಬರುವ ಒಂದು ರೋಗ, ಬೆಂಕಿರೋಗದ ಹಾಗೆ. ನಾನು ನಕಲು ಮಡಚಿಕೊಂಡು ಎದ್ದೆ. ಆ ಮುದುಕರು, "ಕೂತ್ಕೋ, ಆಸರಿ ಕುಡ್ಕೊಂಡು ಹೋಗು" ಎಂದು ಉಪಚಾರ ಮಾಡಿದರು. ನಾನು ಕುಡಿಯಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಆ ವರ್ಷವೂ ಆಷಾಢವೇ. ಮಳೆ ಹಿಡಿದಿತ್ತು. ಮರುದಿನದಿಂದ ನಟ್ಟಿ ಎಂದು ಗೊತ್ತಾಗಿತ್ತು. ಮೊದಲು ಒಡೇರ ಮನೆಯ ಗದ್ದೆ, ಆಮೇಲೆ ನಮ್ಮ ಗೇಣಿಯದ್ದು. ಹೆಂಗಸರು ಸಸಿಮಡಿಯಲ್ಲಿ ಸಸಿ ಕೀಳುತ್ತಿದ್ದರು. ಅಪ್ಪನನ್ನು ಕೊಟ್ಟಿಗೆಯ ಹಿಂದೆ ಕರೆದು ಎಲ್ಲ ಹೇಳಿದೆ. ಅವನು ನೇಗಿಲಿನ ಮೇಲೆ ಕೂತುಬಿಟ್ಟ. ಅಣ್ಣನ ಹೆಸರು ಹಿಡಿದು ಒಮ್ಮೆ ಕರೆದ, ಅಷ್ಟೆ. ಕಣ್ಣು ಒರೆಸಿಕೊಂಡ. ಸಸಿಮಡಿಯ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ,

"ತಮಾ, ಈಗಲೇ ಹೇಳುದು ಬ್ಯಾಡ. ನಟ್ಟಿ ಮುಗೀಲಿ" ಎಂದ.

ಸುಳ್ಳು ಹೇಳುವುದಿಲ್ಲ: ನಾನು ತಲೆಯಾಡಿಸಿದೆ. ಅಪ್ಪನ ಮಾತಿನಲ್ಲಿ ಅರ್ಥವಿತ್ತು. ಸಸಿ ನಮ್ಮದೂ ಕೂಡ. ಹನ್ನೊಂದು ದಿನ ಬಿಟ್ಟರೆ ಗಂಜಿಗೆ ತತ್ವಾರ. ಮೂವತ್ತು ವರ್ಷ ಕಾದವಳಿಗೆ ಇನ್ನು ಹದಿನೈದು ದಿನ ಏನು ಮಹಾ? ಹೀಗೆ ಅಂದುಕೊಂಡು ಅಂಗಳ ದಾಟುವಷ್ಟರಲ್ಲಿ ಆ ಮಾತು ಯಾರದೆಂದು ಕಿವಿಗೆ ಹೊಡೆಯಿತು. ಅದೇ ಮಾತು, ಅಕ್ಷರ ಬಿಡದ ಹಾಗೆ. ಒಡೇರ ಮಾತು ನಮ್ಮ ಕೊಟ್ಟಿಗೆಯ ಹಿಂದೆ ನಮ್ಮಪ್ಪನ ಬಾಯಲ್ಲಿ ಬಂದಿತ್ತು, ಬಿ.ಎ. ಓದಿದ ನಾನು ಹೂಂಗುಟ್ಟಿದ್ದೆ. ಹೊಟ್ಟೆಗಿಲ್ಲದವನನ್ನು ಹೊಟ್ಟೆಯಲ್ಲೇ ಹಿಡಿದು ಆಡಿಸುತ್ತಾರೆ ಎನ್ನುವುದು ಇದಕ್ಕೇ.

ನಾನು ಚಪ್ಪಲಿ ಬಿಟ್ಟು ಸಸಿಮಡಿಗೆ ಇಳಿದೆ. ದೊಡ್ಡವ್ವ ಬಗ್ಗಿ ಸಸಿ ಕಿತ್ತು ಕಾಲಿಗೆ ಬಡಿದು ಮಣ್ಣು ಕೊಡಹುತ್ತಿದ್ದಳು.

"ಎಂತ, ಸಾಹೇಬ್ರು ಕೆಸ್ರಿಗೆ ಬಂದ್ರು?" ಎಂದು ನಕ್ಕಳು.

"ದೊಡ್ಡವ್ವ, ಕಾಗ್ದ ಸಿಕ್ತು."

ಅವಳು ಬೆನ್ನು ನೇರ ಮಾಡಿದಳು. ಕೈಯಲ್ಲಿ ಸಸಿಯ ಕಟ್ಟು ಹಾಗೇ ಇತ್ತು. "ಓದು" ಎಂದಳು.

ಓದಿದೆ. ಮೂರನ್ನೂ ಓದಿದೆ. ಶ್ಯಾನಭಾಗರು ಹೇಳಿದ್ದನ್ನೂ ಹೇಳಿದೆ. ಭಟ್ಕಳದವರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅವಳು ಸಾಯುವವರೆಗೂ ಹೇಳಲಿಲ್ಲ. ಸುತ್ತಲಿನ ಹೆಂಗಸರು ಕೈ ನಿಲ್ಲಿಸಿದ್ದರು.

"ಯಾವ ತಿಂಗ್ಳು ಅಂದೆ?"

"ಆಷಾಢ."

"ಒಡೇರ ದೊಡ್ಡ ಗದ್ದೆ ನಟ್ಟಿ." ಅವಳು ನನ್ನನ್ನಲ್ಲ, ಗದ್ದೆಯನ್ನು ನೋಡುತ್ತಿದ್ದಳು. "ಆ ವರ್ಷ ನಾನೇ ಮುಂದೆ ನಿತ್ಕಂಡು ಹಾಡ್ದೆ ತಮಾ. ಬೆಳಗಿಂದ ಬೈಗಿನವರೆಗೆ. ಒಡೇರು ಗದ್ದೆ ಅಂಚಿನ ಕಂಟದ ಮೇಲೆ ಕೊಡೆ ಹಿಡ್ಕಂಡು ಕೂತು ಕೇಳ್ತಿದ್ರು. ಚಲೋ ಹಾಡ್ತೆ ಅಂದ್ರು."

ಅವಳು ಅಳಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ನೀರಿಗೆ ಬಿಟ್ಟಳು. ಕರಿಮಣಿಗೆ ಕೈ ಹಾಕಿ, ಹರಿಯದೆ, ತಲೆಯ ಮೇಲಿಂದ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿದಳು. ಆಮೇಲೆ ಉಳಿದ ಹೆಂಗಸರ ಕಡೆ ತಿರುಗಿ ಹೇಳಿದಳು: "ನಮ್ಮನೆಲಿ ಸಾವಾಗದೆ. ಮ್ಯಾಲೆ ಬನ್ನಿ ಎಲ್ಲರೂ."

ಒಬ್ಬಳೂ ಎದುರಾಡಲಿಲ್ಲ. ಕಿತ್ತ ಸಸಿ ಕಿತ್ತಲ್ಲೇ ಬಿಟ್ಟು ಕೇರಿಗೆ ಕೇರಿಯೇ ಮೇಲೆ ಬಂತು.

ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಜನ ಕಾಣದೆ ಒಡೇರ ಮಗ ಕೊಡೆ ಹಿಡಿದು ಕೇರಿಯ ಬಾಯಿಗೆ ಬಂದರು. ಕತಗಾಲದಲ್ಲಿ ಹೊಸ ತೋಟ ಕೊಂಡಿದ್ದರು, ಅಲ್ಲಿಗೆ ಹೊರಟವರು ದಾರಿಯಲ್ಲಿ ನಿಂತದ್ದು. ನಮ್ಮ ಊರಗೌಡ, ಅಂದರೆ ಕೇರಿಯ ಹಿರಿಯ, ಕೇರಿಯ ಬಾಯಲ್ಲೇ ಇದ್ದ ನಮ್ಮ ಮನೆಯ ಅಂಗಳಕ್ಕೆ ಬಂದ.

"ಎಂತದೋ ಇದು? ಮೂವತ್ತು ವರ್ಷದ ಹಿಂದೆ ಸತ್ತವನಿಗೆ ಈಗ ಸೂತಕವಾ?"

"ಹೌದು ಒಡೇರೆ."

"ಶಾಸ್ತ್ರ ಗೊತ್ತುಂಟಾ ನಿನಗೆ? ವರ್ಷ ಕಳೆದ ಮೇಲೆ ಸುದ್ದಿ ಕೇಳಿದ್ರೆ ತಲೆಗೆ ಸ್ನಾನ ಮಾಡಿದ್ರೆ ಮುಗೀತು."

"ಅದು ನಿಮ್ಮ ಶಾಸ್ತ್ರ. ನಮ್ಮಲ್ಲಿ ಕೇಳಿದ ದಿನದಿಂದ ಹನ್ನೊಂದು."

"ಸಸಿ ಹಾಳಾಗ್ತದಲ್ಲೋ!"

ಅಷ್ಟರಲ್ಲಿ ದೊಡ್ಡವ್ವ ಒಳಗಿಂದ ಬಂದು ಕಂಬಕ್ಕೆ ಕೈಯಿಟ್ಟು ನಿಂತಳು. ಕೊರಳು ಬರಿದಾಗಿತ್ತು. "ನಿಮ್ಮ ಅಪ್ಪಯ್ಯ ಆವತ್ತೇ ಹೇಳಿದ್ರೆ ಆವತ್ತೇ ಮುಗೀತಿತ್ತು ಒಡೇರೆ" ಎಂದಳು. "ಇಟ್ಕಂಡ್ರು. ಈಗ ಬಂತು."

ಅವರು ನನ್ನನ್ನು ನೋಡಿದರು. "ಇದೆಲ್ಲ ನಿನ್ನ ಕೆಲಸ. ಓದಿದ್ದಕ್ಕೆ ಇದೇ ಬುದ್ಧಿ ಬಂತಾ?"

"ಇದಕ್ಕೇ ಓದಿದ್ದು" ಎಂದೆ. ನನ್ನ ಬದುಕಿನಲ್ಲಿ ಆ ಮನೆಯವರ ಮುಖ ನೋಡಿ ಆಡಿದ ಮೊದಲ ಮಾತು ಅದು.

ಹನ್ನೊಂದು ದಿನ ನಮ್ಮ ಕೇರಿಯ ಒಂದು ಕಾಲೂ ಗದ್ದೆಗೆ ಇಳಿಯಲಿಲ್ಲ. ಒಡೇರ ಮಗ ಕಾಗಾಲದ ಕಡೆಯಿಂದ ಆಳು ತರಿಸಲು ನೋಡಿದರು. ಅಲ್ಲೂ ನಟ್ಟಿ, ಯಾರು ಬರುತ್ತಾರೆ? ಸಸಿ ಎತ್ತರಕ್ಕೆ ಬೆಳೆದು ಗಂಟು ಕಟ್ಟಿತು, ಅವರದ್ದೂ ನಮ್ಮದೂ. ಆ ವರ್ಷ ಬೆಳೆ ಅರ್ಧಕ್ಕೆ ನಿಂತಿತು. ನಾವು ಗೆಣಸು ಬೇಯಿಸಿ ತಿಂದೆವು. ಇದನ್ನು ಗೆಲುವು ಎಂದು ನಾನು ಬರೆಯುತ್ತಿಲ್ಲ. 'ಯಾರಿಗೆ ಏನು ಸಿಕ್ಕಿತು, ಹಳೆಯ ಹುಣ್ಣು ಯಾಕೆ ಕೆದಕಿದಿರಿ' ಎಂದು ಕೇಳುವ ಜಾಣರು ಈಗಲೂ ಸಿಗುತ್ತಾರೆ. ಹುಣ್ಣು ಯಾರ ಮೈಮೇಲಿತ್ತು ಎಂದು ಅವರು ಕೇಳುವುದಿಲ್ಲ. ಮಂಕಿಯವನು ಆಗಲೇ ಮೊಮ್ಮಕ್ಕಳನ್ನು ಕಂಡು ತೀರಿಹೋಗಿದ್ದ. ಅವಳ ಕೂದಲು ಬೆಳ್ಳಗಾಗಿತ್ತು. ಆ ಒಂದು ಸಾಲಿಗೆ ಯಾವ ಕೋರ್ಟಿನಲ್ಲೂ ಶಿಕ್ಷೆಯಿಲ್ಲ.

ಹನ್ನೊಂದನೆಯ ದಿನ ಅಂಗಳದಲ್ಲಿ ಎಲೆ ಹಾಸಿದೆವು. ಗೋಡೆಗೆ ಒರಗಿಸಲಿಲ್ಲ. ದೊಡ್ಡವ್ವ ತಾನೇ ಅನ್ನ ಬಡಿಸಿ, ಅವನಿಗೆ ಇಷ್ಟವಾಗಿತ್ತೆಂದು ಒಣಮೀನಿನ ಸಾರು ಹಾಕಿದಳು. ಎರಡು ಮಳೆಗಾಲದ ಗಂಡನಿಗೆ ಏನು ಇಷ್ಟವೆಂದು ಅವಳಿಗೆ ನೆನಪಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗದ್ದೆಗೆ ಇಳಿದವಳು ಅವಳೇ. ಮುದಿಯಾದ ಸಸಿಯನ್ನೇ ನೆಟ್ಟರು, ಬೇರೆ ಏನಿತ್ತು? ಹೆಂಗಸರು ಸಾಲು ಹಿಡಿದು ನಿಂತು, ಯಾವಾಗಿನಂತೆ, ಅವಳು ಹಾಡು ಎತ್ತಿಕೊಡಲೆಂದು ಕಾದರು. ಒಬ್ಬಳು, "ಅಕ್ಕಾ, ಹಾಡು ಹೇಳೇ" ಎಂದಳು.

"ಆ ವರ್ಷ ಹಾಡಿದ್ದೇ ಸಾಕು" ಎಂದಳು ದೊಡ್ಡವ್ವ, ಬಗ್ಗಿದಳು.

ಅವಳು ಹಾಡದ ಮೇಲೆ ಬೇರೆ ಯಾರೂ ಎತ್ತಲಿಲ್ಲ. ಒಡೇರ ದೊಡ್ಡ ಗದ್ದೆಯನ್ನು ಆ ದಿನ ಬೈಗಿನವರೆಗೆ ಬಾಯಿ ಮುಚ್ಚಿಕೊಂಡೇ ನೆಟ್ಟರು.